ಅಂಗಳದಲ್ಲೊಂದು ಅಹೋರಾತ್ರಿ

ಲಲಿತ ರಾಗವನ್ನು ಅದರ ಹೊತ್ತಿನಲ್ಲೇ, ಹಾಡುವವರ ಎದುರಿಗೆ ಕೂತು ಕೇಳಬೇಕೆಂದು ಆಸೆಪಟ್ಟವರು ಈಗ ಎಲ್ಲಿಗೆ ಹೋಗಬೇಕು? ಪೇಟೆಯ ಸಭಾಭವನಗಳು ರಾತ್ರಿ ಒಂಬತ್ತೂವರೆಗೆಲ್ಲ ದೀಪ ಆರಿಸುತ್ತವೆ. ಹಾಡಿದವರಿಗೆ ರಾತ್ರಿಯ ರೈಲು ಹಿಡಿಯುವ ಅವಸರ, ಕೇಳಿದವರಿಗೆ ನಾಳೆಯ ಆಫೀಸು, ಮಕ್ಕಳ ಶಾಲೆ. ಹೀಗಾಗಿ ಸಂಜೆ ಆರರಿಂದ ಒಂಬತ್ತರೊಳಗೆ ಒಗ್ಗುವ ರಾಗಗಳಷ್ಟೇ ನಮ್ಮ ಪಾಲಿಗೆ ಉಳಿದಿವೆ: ಪೂರಿಯಾ ಧನಾಶ್ರೀ, ಯಮನ್, ಹೆಚ್ಚೆಂದರೆ ಬಾಗೇಶ್ರೀ. ಅಪರೂಪಕ್ಕೊಮ್ಮೆ ಯಾರೋ ಪುಣ್ಯಾತ್ಮರು ಭಾನುವಾರದ ಬೆಳಗಿನ ಬೈಠಕ್ ಇಟ್ಟರೆ ಒಂದು ತೋಡಿ ಸಿಕ್ಕೀತು. ನಡುರಾತ್ರಿಯ ದರ್ಬಾರಿ, ನಸುಕಿನ ಲಲಿತ ಇವೆಲ್ಲ ಧ್ವನಿಮುದ್ರಿಕೆಗಳ ಸ್ವತ್ತಾಗಿ ಹೋದವು. ಮಧ್ಯಾಹ್ನದ ಊಟ ಮುಗಿಸಿ ಮೊಬೈಲಿನಲ್ಲಿ ಲಲಿತ ಕೇಳಬಹುದು, ನಾನೂ ಕೇಳುತ್ತೇನೆ. ಆದರೆ ಹೊರಗೆ ಬಿಸಿಲು ಸುಡುತ್ತಿರುವಾಗ ಆ ರಾಗಕ್ಕೆ ನಿಲ್ಲಲು ನೆಲವೇ ಇರುವುದಿಲ್ಲ.

ಅದಕ್ಕೆ ನೆಲ ಸಿಕ್ಕಿದ್ದನ್ನು ನಾನು ಕಂಡದ್ದು ಸಿದ್ದಾಪುರ ತಾಲ್ಲೂಕಿನ ಒಂದು ಅಡಿಕೆ ಅಂಗಳದಲ್ಲಿ. ಅಕ್ಕನನ್ನು ಕೊಟ್ಟ ಊರು ಅದು. ಕಣಿವೆಯ ಉದ್ದಕ್ಕೂ ತೋಟ, ತೋಟದ ತಲೆಯಲ್ಲಿ ದೂರ ದೂರಕ್ಕೆ ಒಂದೊಂದು ಮನೆ, ಮನೆಯ ಹಿಂದೆ ಸೊಪ್ಪಿನ ಬೆಟ್ಟ. ಅಡಿಕೆ ಸುಗ್ಗಿ ಮುಗಿದಿರಬೇಕು, ಅಂಗಳದ ಚಪ್ಪರ ಇನ್ನೂ ಇಳಿಸಿರಬಾರದು. ಅಂಥ ದಿನಗಳು ಸಾಮಾನ್ಯವಾಗಿ ರಥಸಪ್ತಮಿಯ ಆಚೀಚೆ ಬರುತ್ತವೆ. ಆಗಿನ ಒಂದು ಶನಿವಾರ ಸಂಜೆಯಿಂದ ಭಾನುವಾರದ ಬೆಳಗಿನವರೆಗೆ ಭಾವನ ಮನೆಯ ಅಂಗಳದಲ್ಲಿ ಸಂಗೀತ. ಟಿಕೆಟ್ಟಿಲ್ಲ, ಉದ್ಘಾಟನೆಯಿಲ್ಲ, ಸನ್ಮಾನದ ಶಾಲಿಲ್ಲ. ನೂರೋ ನೂರೈವತ್ತೋ ಜನ. ಬಂದವರನ್ನೆಲ್ಲ ಜಗಲಿಯ ತುದಿಯಲ್ಲಿ ನಿಂತು ಒಂದೇ ಪ್ರಶ್ನೆಯಿಂದ ಎದುರುಗೊಳ್ಳುತ್ತಾರೆ: "ಆಸ್ರಿಗೆ ಆತಾ?" ಆಗಿದೆ ಅಂದರೂ ಬಿಡುವುದಿಲ್ಲ, ಕಷಾಯದ ಲೋಟ ಕೈಗೆ ಬಂದೇ ಬರುತ್ತದೆ.

ವೇದಿಕೆಯ ಬಗ್ಗೆ ಸ್ವಲ್ಪ ಹೇಳಬೇಕು. ಅದು ಅಡಿಕೆ ಒಣಗಿಸುವ ಅಟ್ಟ. ಅಡಿಕೆ ಮರ ಸೀಳಿದ ದಬ್ಬೆಗಳನ್ನು ಒತ್ತೊತ್ತಾಗಿ ಹಾಸಿ ಕಟ್ಟಿರುತ್ತಾರೆ, ಮಂಡಿಯೆತ್ತರಕ್ಕೆ. ಸುಗ್ಗಿಯ ಕಾಲದಲ್ಲಿ ಬೇಯಿಸಿ ಚೊಗರಿನಿಂದ ತೆಗೆದ ಕೆಂಪಡಿಕೆ ಇದರ ಮೇಲೆಯೇ ವಾರಗಟ್ಟಲೆ ಒಣಗಿರುತ್ತದೆ. ಹಾಗಾಗಿ ದಬ್ಬೆಗಳೆಲ್ಲ ಕೆಂಪು, ಮೂಗು ಹತ್ತಿರ ತಂದರೆ ಒಗರು ವಾಸನೆ. ಅದರ ಮೇಲೆ ಚಾಪೆ, ಚಾಪೆಯ ಮೇಲೆ ಜಮಖಾನೆ, ಹಿಂದುಗಡೆ ಗಾಳಿ ತಡೆಯಲು ಕಟ್ಟಿದ ಒಂದು ಕಂಬಳಿ. ಅಷ್ಟೇ. ಅಟ್ಟದ ಅಂಚಿಗೆ ಒರಗಿ ಕೂತವರು ದಬ್ಬೆಯ ಮೇಲೆ ಕೈಯಿಟ್ಟರೆ ಡಗ್ಗಾದ ಒಂದೊಂದು ಪೆಟ್ಟೂ ಅಂಗೈಗೆ ತಿಳಿಯುತ್ತದೆ. ವಿಲಂಬಿತ ಏಕತಾಲದಲ್ಲಿ ಸಮ್ ಬರುವುದನ್ನು ಕಿವಿಗಿಂತ ಮೊದಲು ಅಂಗೈಯೇ ಹಿಡಿಯುತ್ತದೆ ಅನ್ನಿಸುತ್ತದೆ. ನಾನು ಪ್ರತಿಸಲವೂ ಅಲ್ಲಿಯೇ ಜಾಗ ಹಿಡಿಯುತ್ತೇನೆ.

ಅರುಣಾಚಲ ಪ್ರದೇಶದ ಝೀರೋ ಕಣಿವೆಯಲ್ಲಿ 2012ರಲ್ಲಿ ಶುರುವಾದ ಸಂಗೀತ ಹಬ್ಬಕ್ಕೆ ಬಿದಿರಿನ ವೇದಿಕೆ ಕಟ್ಟುತ್ತಾರೆ. ಸುತ್ತ ಅಪತಾನಿ ಜನರ ಭತ್ತದ ಗದ್ದೆ, ಆ ಗದ್ದೆಯ ನೀರಿನಲ್ಲೇ ಮೀನು ಸಾಕಣೆ. ಬೆಂಗಳೂರಿನ ನಮ್ಮ ಹುಡುಗರು ರಜೆ ಉಳಿಸಿಟ್ಟುಕೊಂಡು ಅಲ್ಲಿಗೆ ಹೋಗಿಬರುತ್ತಾರೆ, ಬಂದು ಕಣ್ಣರಳಿಸಿ ವರ್ಣಿಸುತ್ತಾರೆ. ಅವರ ಮಾತು ಕೇಳುವಾಗಲೆಲ್ಲ ನನಗೆ ಈ ದಬ್ಬೆಯ ಅಟ್ಟ ನೆನಪಾಗುತ್ತದೆ. ಊರು ತಾನು ಬೆಳೆದದ್ದರಿಂದಲೇ ಹಾಡಿಗೆ ಕೂರುವ ಜಾಗ ಮಾಡಿಕೊಡುವುದು ಎರಡೂ ಕಡೆ ಒಂದೇ. ಅಲ್ಲಿ ಸಾವಿರಾರು ಜನ ಸೇರುತ್ತಾರೆ, ಇಲ್ಲಿ ಅಂಗಳ ತುಂಬಿದರೆ ಮುಗಿಯಿತು.

ತೋಟಿಗರ ಈ ಸೀಮೆಗೆ ಹಿಂದೂಸ್ತಾನಿ ಸಂಗೀತದ ಹುಚ್ಚು ಹತ್ತಿದ್ದು ಹೇಗೆ ಎಂದು ಯೋಚಿಸಿದ್ದೇನೆ. ಇಲ್ಲಿ ಕಲಾವಿದರನ್ನು ಸಾಕಿದ ಸಂಸ್ಥಾನವಿರಲಿಲ್ಲ, ರೈಲು ಇವತ್ತಿಗೂ ಇಲ್ಲ. ಭಾವನ ದೊಡ್ಡಪ್ಪ, ಊರಿಗೆಲ್ಲ ಅಜ್ಜ, ಅವರು ಕೊಡುವ ಕಾರಣ ನನಗೆ ಒಪ್ಪಿಗೆಯಾಗಿದೆ. ಅಡಿಕೆ ಸುಲಿಯುವುದು ರಾತ್ರಿಯ ಕೆಲಸ. ಹಗಲೆಲ್ಲ ಕೊನೆ ಕೊಯ್ದು, ಹೊತ್ತು ತಂದು, ಉಂಡ ಮೇಲೆ ಮನೆಮಂದಿ, ನೆರೆಮನೆಯವರು, ಆಳುಗಳು ಎಲ್ಲ ಮೆಟ್ಟುಗತ್ತಿ ಹಿಡಿದು ಸಾಲಾಗಿ ಕೂರುತ್ತಿದ್ದರು. ಕೈಗೆ ಬಿಡುವಿಲ್ಲ, ಕಿವಿಗೆ ಕೆಲಸವಿಲ್ಲ. 1950ರಲ್ಲಿ ಧಾರವಾಡದಲ್ಲಿ ಆಕಾಶವಾಣಿ ನಿಲಯ ಶುರುವಾಯಿತು. 1952ರಿಂದ ಶನಿವಾರ ರಾತ್ರಿಯ ರಾಷ್ಟ್ರೀಯ ಸಂಗೀತ ಕಾರ್ಯಕ್ರಮ ಬರತೊಡಗಿತು. ಕರೆಂಟಿಲ್ಲದ ಮನೆಗೆ ಬ್ಯಾಟರಿಯ ರೇಡಿಯೋ ಬಂತು. ಅದನ್ನು ಜಗಲಿಯ ಗೂಡಿನಲ್ಲಿಟ್ಟು, ಅಂಗಳದಲ್ಲಿ ಅಡಿಕೆ ಸುಲಿಯುತ್ತ ಜನ ಗಂಟೆಗಟ್ಟಲೆ ಖಯಾಲ್ ಕೇಳಿದರು. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು, ಭೀಮಸೇನ ಜೋಶಿ ಅವರಿಗೆ ಪರಿಚಯವಾದದ್ದು ಹೀಗೆ, ಮುಖ ನೋಡದೆ. ಆಲಾಪ ನಡೆಯುವಾಗ ಸುಲಿಯುವ ಸದ್ದು ನಿಧಾನವಾಗುತ್ತಿತ್ತು, ದ್ರುತಕ್ಕೆ ಬಂದರೆ ಕೈಯೂ ಚುರುಕಾಗುತ್ತಿತ್ತು ಎಂದು ಅಜ್ಜ ಹೇಳುತ್ತಾರೆ. ಇನ್ನು ರಾತ್ರಿಯಿಡೀ ಎಚ್ಚರ ಕೂರುವುದನ್ನು ಈ ಜನಕ್ಕೆ ಯಾರೂ ಕಲಿಸಬೇಕಾಗಿರಲಿಲ್ಲ. ಬಯಲಾಟ ನೋಡಿ ಬೆಳೆದವರು ಅವರು.

ಆ ರೇಡಿಯೋದಲ್ಲಿ ಹಾರ್ಮೋನಿಯಂ ಕೇಳಿಬರುತ್ತಿರಲಿಲ್ಲ ಎಂಬುದು ಅಜ್ಜನಿಗೆ ಇನ್ನೂ ನೆನಪಿದೆ. 1940ರಲ್ಲಿ ಆಕಾಶವಾಣಿ ಅದನ್ನು ನಿಷೇಧಿಸಿತು, ನಿಷೇಧ ಸಡಿಲವಾದದ್ದು 1971ರಲ್ಲಿ. ಅದರ ಸ್ವರಗಳು ಒಮ್ಮೆ ಕೂಡಿಸಿದರೆ ಮುಗಿಯಿತು, ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಅದಕ್ಕೆ ಬಾರದು, ಸೂಕ್ಷ್ಮ ಶ್ರುತಿಗಳು ಅದರಲ್ಲಿ ಸಿಗವು ಎಂಬುದು ತಕರಾರು. ತಕರಾರು ಸುಳ್ಳಲ್ಲ. ಆದರೆ ಮಲೆನಾಡಿನ ಅಂಗಳದಲ್ಲಿ ರಾತ್ರಿ ಕಳೆದವರು ಹಾರ್ಮೋನಿಯಂ ಪರವಾಗಿ ಒಂದು ಮಾತು ಹೇಳಿಯೇ ಹೇಳುತ್ತಾರೆ. ನಡುರಾತ್ರಿ ದಾಟಿ ಇಬ್ಬನಿ ಇಳಿಯತೊಡಗಿದಾಗ ಉಳಿದ ವಾದ್ಯಗಳೆಲ್ಲ ಅಲುಗಾಡುತ್ತವೆ. ತಂಬೂರಿಯ ತಂತಿ ಗಳಿಗೆಗೊಮ್ಮೆ ಶ್ರುತಿ ತಪ್ಪುತ್ತದೆ. ಹಾರ್ಮೋನಿಯಂ ಮಾತ್ರ ಕೂತಲ್ಲೇ ಕೂತಿರುತ್ತದೆ, ಎಲ್ಲರೂ ಅದರ ಷಡ್ಜಕ್ಕೆ ಮರಳಿ ಬರುತ್ತಾರೆ.

ಹೆಚ್ಚು ಕಷ್ಟ ತಬಲಾದವರದು. ತೇವ ಹೀರಿದ ಚರ್ಮ ಸಡಿಲಾಗಿ ಶ್ರುತಿ ಇಳಿಯುತ್ತದೆ. ಒಂದು ವರ್ಷ ರಾತ್ರಿ ಎರಡರ ಸುಮಾರಿಗೆ ಹೀಗೇ ಆಯಿತು. ಗಾಯಕರು ಮಾಲಕಂಸ ಎತ್ತಿಕೊಳ್ಳುವವರಿದ್ದರು. ತಬಲಾದ ಹುಡುಗ ಗಟ್ಟಿಗಳನ್ನು ಸುತ್ತಿಗೆಯಿಂದ ಬಡಿದು ಕೆಳಗಿಳಿಸಿದ, ಅಂಚಿನ ಹೆಣಿಗೆಗೆ ಸುತ್ತಲೂ ಪೆಟ್ಟು ಕೊಟ್ಟ, ಒಂದು ಕಡೆ ಏರಿದರೆ ಇನ್ನೊಂದು ಕಡೆ ಬೀಳುತ್ತಿತ್ತು. ಕೊನೆಗೆ ಬಲಗೈಯ ತಬಲಾವನ್ನು ಎದೆಗವಚಿಕೊಂಡು ಎದ್ದು ಬಚ್ಚಲುಮನೆಗೆ ನಡೆದ. ಈ ಕಡೆಯ ಮನೆಗಳಲ್ಲಿ ಬಚ್ಚಲೊಲೆ ಆರುವುದೇ ಅಪರೂಪ. ನಾನೂ ಹಿಂದೆ ಹೋದೆ. ಅವನು ಕೆಂಡದ ಎದುರು ಕುಕ್ಕರಗಾಲಿನಲ್ಲಿ ಕೂತು ತಬಲಾದ ಮುಖವನ್ನು ಶಾಖಕ್ಕೆ ಹಿಡಿದು ನಿಧಾನಕ್ಕೆ ತಿರುಗಿಸುತ್ತಿದ್ದ. ನಡುವಿನ ಕಪ್ಪು ಕರಣೆಗೆ ಬಿಸಿ ತಾಗಿದರೆ ಬಿರುಕು ಬಿಡುತ್ತದೆಂದು ಅದರ ಮೇಲೆ ಅಂಗೈ ಮುಚ್ಚಿದ್ದ, ಶಾಖ ಪೂರ್ತಿ ಆ ಕೈಗೇ ಬೀಳುತ್ತಿತ್ತು. ನಡುನಡುವೆ ಕಿವಿಯ ಹತ್ತಿರ ತಂದು ಒಂದು ಬೆರಳಿನಿಂದ ತಟ್ಟಿ ನೋಡುವನು. "ಇನ್ನೊಂಚೂರು" ಎಂದು ತನಗೆ ತಾನೇ ಹೇಳಿಕೊಂಡ. ಅಂಗಳಕ್ಕೆ ಮರಳಿದಾಗ ಯಾರೂ ಗಡಿಯಾರ ನೋಡಿಕೊಂಡಿರಲಿಲ್ಲ. ಕವಳದ ತಬಕು ಸುತ್ತು ಹೊಡೆಯುತ್ತಿತ್ತು, ಗಾಯಕರು ಪಕ್ಕದವರ ಹತ್ತಿರ ಈ ವರ್ಷದ ಕೊಳೆರೋಗದ ವಿಚಾರ ಕೇಳುತ್ತಿದ್ದರು. ಸಂಗೀತಕ್ಕೆ ಇಂಥ ಪುರುಸೊತ್ತು ಬೇಕು. ನಿಮಿಷ ಲೆಕ್ಕ ಹಾಕುವ ಸಭೆಯಲ್ಲಿ ಆ ಹುಡುಗ ಇಳಿದ ಶ್ರುತಿಯಲ್ಲೇ ನುಡಿಸಿ ಮುಗಿಸಬೇಕಾಗುತ್ತಿತ್ತು.

ತಂಬೂರಿ ಮೀರಜದ್ದು. ಸೋರೆ ಬುರುಡೆಯ ಆ ತಂಬೂರಿಗಳಿಗೆ ತಲೆಮಾರುಗಳ ಹೆಸರಿದೆ. ಅಬ್ದುಲ್ ಕರೀಂ ಖಾನರು ನೆಲೆಸಿದ ಊರೂ ಅದೇ. ವಾದ್ಯ ರಿಪೇರಿಯನ್ನು ಸ್ವತಃ ಬಲ್ಲ ಗಾಯಕರು ಅವರು. 1937ರಲ್ಲಿ ಪಾಂಡಿಚೇರಿಗೆ ಹೊರಟವರು ದಾರಿಯಲ್ಲಿ ಮೈ ಸರಿಯಿಲ್ಲದೆ ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ಸ್ಟೇಷನ್ನಿನಲ್ಲಿ ಇಳಿದರು, ಪ್ಲಾಟ್‌ಫಾರ್ಮಿನ ಮೇಲೆಯೇ ತಂಬೂರಿ ಶ್ರುತಿ ಮಾಡಿಸಿ ಪ್ರಾರ್ಥನೆ ಹಾಡುತ್ತ ಕಣ್ಣುಮುಚ್ಚಿದರು ಎಂದು ಹೇಳುತ್ತಾರೆ. ಮೀರಜದ ದರ್ಗಾದ ಉರುಸಿನಲ್ಲಿ ಅವರ ನೆನಪಿಗೆ ಹಾಡುವ ಪದ್ಧತಿಯಿದೆ. ಹುಣಸೆ ಮರದಡಿಯ ಆ ಬಯಲಿನಲ್ಲಿ ದೊಡ್ಡ ದೊಡ್ಡ ಗಾಯಕರು ಸೇವೆಯೆಂದು ಬಂದು ಹಾಡುತ್ತಾರೆ. ಹುಣಸೆಯ ನೆರಳಾದರೇನು, ಸೋಗೆಯ ಚಪ್ಪರವಾದರೇನು, ಹಾಡಿಗೆ ಎರಡೂ ಒಂದೇ. ಖಾನ್ ಸಾಹೇಬರ ಕಿರಾಣಾ ಗಾಯನ ನಮ್ಮ ಕಡೆ ಬೇರುಬಿಟ್ಟದ್ದು ಅವರ ಶಿಷ್ಯ, ಕುಂದಗೋಳದ ರಾಮಭಾವು ಅವರಿಂದ. ನಾಟಕರಂಗ ಅವರನ್ನು ಸವಾಯಿ ಗಂಧರ್ವ ಎಂದು ಕರೆಯಿತು. ಗಂಗೂಬಾಯಿ ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿಬಂದು ಅವರಲ್ಲಿ ಕಲಿತರು. ಹುಡುಗ ಭೀಮಸೇನ ಅವರ ಮನೆಯಲ್ಲೇ ಇದ್ದು ನೀರು ಹೊತ್ತು ಕಲಿತರು. 1952ರಲ್ಲಿ ಗುರು ತೀರಿಕೊಂಡ ಮರುವರ್ಷ ಪುಣೆಯಲ್ಲಿ ಭೀಮಸೇನರ ಮುತುವರ್ಜಿಯಿಂದ ಶುರುವಾದ ಸ್ಮರಣೆಯ ಉತ್ಸವ ಮುಂದೆ ದೇಶಕ್ಕೇ ದೊಡ್ಡದಾಯಿತು. ಕುಂದಗೋಳದಲ್ಲಿ ನಾಡಗೀರರ ವಾಡೆಯಲ್ಲಿಯೂ ಅವರ ಪುಣ್ಯತಿಥಿಗೆ ಶಿಷ್ಯರು ಬಂದು ರಾತ್ರಿಯಿಡೀ ಹಾಡುತ್ತಿದ್ದರು.

ಪುಣೆಯ ಉತ್ಸವವೂ ಮೊದಲು ರಾತ್ರಿಯಿಡೀ ನಡೆಯುತ್ತಿತ್ತು, ಈಗ ಇಲ್ಲ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಕೂಡದು ಎಂಬ ನಿಯಮ 2000ದಲ್ಲಿ ಬಂತು. ಆಸ್ಪತ್ರೆ, ಪರೀಕ್ಷೆಗೆ ಓದುವ ಮಕ್ಕಳು, ನಿದ್ದೆಗೆಟ್ಟ ವೃದ್ಧರು ಇವರನ್ನು ನೆನೆದರೆ ಅದು ಬೇಕಾದ ನಿಯಮವೇ. ಆದರೆ ಸಾವಿರಾರು ಜನ ಸೇರುವ ಕಡೆ ಧ್ವನಿವರ್ಧಕ ಇಲ್ಲದೆ ಹಾಡು ಮುಟ್ಟುವುದಿಲ್ಲ, ಹಾಗಾಗಿ ದೊಡ್ಡ ಉತ್ಸವಗಳು ನಡುರಾತ್ರಿಯ ರಾಗಗಳನ್ನು ಕಳೆದುಕೊಂಡವು.

ಅಡಿಕೆ ಅಂಗಳದಲ್ಲಿ ಹತ್ತು ಗಂಟೆಗೆ ನಡೆಯುವುದೇ ಬೇರೆ. ಭಾವ ಎದ್ದು ಹೋಗಿ ಮೈಕು ಬಂದ್ ಮಾಡುತ್ತಾನೆ. ಅಲ್ಲಿಯವರೆಗೆ ಅಂಗಳದ ತುಂಬ ಹರಡಿಕೊಂಡಿದ್ದ ಜನ ತಮ್ಮ ತಮ್ಮ ಚಾಪೆ, ಕಂಬಳಿ ಎಳೆದುಕೊಂಡು ಅಟ್ಟದ ಸುತ್ತ ಒತ್ತಿ ಕೂರುತ್ತಾರೆ. ಮಲಗಿದ ಮಕ್ಕಳನ್ನು ಎತ್ತಿ ಜಗಲಿಗೆ ಸಾಗಿಸುತ್ತಾರೆ. ಇದ್ದಕ್ಕಿದ್ದಂತೆ ದನಿ ಸಣ್ಣದಾದಾಗ ಮೊದಲ ಕೆಲವು ನಿಮಿಷ ಏನೂ ಸಾಲುತ್ತಿಲ್ಲ ಅನ್ನಿಸುತ್ತದೆ. ಆಮೇಲೆ ಕಿವಿ ತೆರೆದುಕೊಳ್ಳುತ್ತದೆ. ತಂಬೂರಿಯ ಜೀವಾಳದಿಂದ ಏಳುವ ಝೇಂಕಾರ, ಗಾಯಕರು ಉಸಿರು ತೆಗೆದುಕೊಳ್ಳುವ ಸದ್ದು, ಮಂದ್ರದಲ್ಲಿ ದನಿಯ ಒರಟು ಅಂಚು. ಮೈಕು ಇದ್ದಾಗ ಮೇಲೆ ತೇಲುತ್ತಿದ್ದ ಸಂಗೀತ ನೆಲಕ್ಕೆ ಬಂದು ಕೂರುತ್ತದೆ. ರಾತ್ರಿ ನೆಲದ ಮಟ್ಟದ ಗಾಳಿ ತಣ್ಣಗಿದ್ದು ಮೇಲಿನ ಗಾಳಿ ಬೆಚ್ಚಗಿರುವುದರಿಂದ ಶಬ್ದ ಮೇಲಕ್ಕೆ ಹಾರಿಹೋಗದೆ ಕೆಳಗೇ ಬಾಗುತ್ತದೆ, ದೂರಕ್ಕೂ ಹೋಗುತ್ತದೆ. ಕಣಿವೆಯಾಚೆಯ ಮನೆಯಲ್ಲಿ ಹಾಸಿಗೆ ಹಿಡಿದಿದ್ದ ಅಜ್ಜಿಯೊಬ್ಬರು ನಡುರಾತ್ರಿಯ ತಬಲಾವನ್ನು ಮಲಗಿದಲ್ಲೇ ಕೇಳಿಸಿಕೊಂಡೆ ಎಂದು ಮರುದಿನ ಹೇಳಿ ಕಳಿಸಿದ್ದರು. ಮೈಕು ಬರುವ ಮೊದಲು ಸವಾಯಿ ಗಂಧರ್ವರಂಥವರು ನಾಟಕದ ಕೊನೆಯ ಸಾಲಿಗೂ ದನಿ ಮುಟ್ಟಿಸುತ್ತಿದ್ದರಲ್ಲ, ಹೇಗೆ ಎಂಬುದು ಇಲ್ಲಿ ಕೂತರೆ ಸ್ವಲ್ಪ ಅರ್ಥವಾಗುತ್ತದೆ.

ಈ ಹಬ್ಬ ಸಣ್ಣದಾಗಿಯೇ ಉಳಿಯಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ. ಸಣ್ಣದಾಗಿರುವುದರಿಂದಲೇ ಇದಕ್ಕೆ ಇಡೀ ರಾತ್ರಿ ದಕ್ಕಿದೆ.

ಹೋದ ಸಲ ಲಲಿತ ಹಾಡಿದವಳು ಧಾರವಾಡದಲ್ಲಿ ಕಲಿಯುತ್ತಿರುವ ಹುಡುಗಿ. ನಸುಕಿನ ಸರದಿಯನ್ನು ಹಿರಿಯರು ಬೇಕೆಂದೇ ಅವಳಿಗೆ ಬಿಟ್ಟುಕೊಟ್ಟಿದ್ದರು. ಐದು ಗಂಟೆಗಿಂತ ಮೊದಲೇ ಶುರುಮಾಡಿದಳು, ಕತ್ತಲೆ ಇತ್ತು. ಲಲಿತದಲ್ಲಿ ಪಂಚಮವಿಲ್ಲ. ಅದಿಲ್ಲದ ಕಡೆ ಎರಡು ಮಧ್ಯಮಗಳು, ಶುದ್ಧ ಮತ್ತು ತೀವ್ರ, ಅಕ್ಕಪಕ್ಕದಲ್ಲೇ ಬರುತ್ತವೆ. ಭಾತಖಂಡೆಯವರು ಮಧ್ಯಮವನ್ನು ಹೊತ್ತು ತೋರಿಸುವ ಸ್ವರ ಎಂದು ಗುರುತಿಸಿದ್ದರು. ಸಂಜೆ ಮತ್ತು ರಾತ್ರಿಯ ಕಡೆಗೆ ತೀವ್ರ ಮಧ್ಯಮದ ಒಲವು, ಹಗಲಿನ ಕಡೆಗೆ ಶುದ್ಧ ಮಧ್ಯಮದ್ದು. ರಾತ್ರಿಯೂ ಅಲ್ಲದ ಹಗಲೂ ಅಲ್ಲದ ಆ ಸಂಧಿಯಲ್ಲಿ ಲಲಿತ ಎರಡನ್ನೂ ಜೊತೆಗಿಟ್ಟುಕೊಳ್ಳುತ್ತದೆ. ಪುಸ್ತಕದಲ್ಲಿ ಓದುವಾಗ ಇದು ಬರಿಯ ಲೆಕ್ಕಾಚಾರದಂತೆ ಕಂಡಿತ್ತು. ಅಂಗಳದಲ್ಲಿ, ಅವಳು ಶುದ್ಧ ಮಧ್ಯಮದ ಮೇಲೆ ನಿಂತು ತೀವ್ರಕ್ಕೆ ಹೆಜ್ಜೆಯಿಟ್ಟು ಮತ್ತೆ ಹಿಂದಕ್ಕೆ ಬಂದಾಗ, ಕಂಬಳಿ ಹೊದ್ದು ಕೂತವರ ಮುಖಗಳು ಒಂದೊಂದಾಗಿ ಕಾಣಿಸತೊಡಗಿದ್ದವು. ದೀಪ ಯಾರೂ ಹಾಕಿರಲಿಲ್ಲ. ತೋಟದ ಕಡೆಯಿಂದ ಕಾಜಾಣ ಕೂಗಿತು, ಕೊಟ್ಟಿಗೆಯಲ್ಲಿ ಕರು ಎದ್ದು ಕೊರಳಗಂಟೆ ಆಡಿಸಿತು. ಅವಳು ಕಣ್ಣು ಬಿಡಲಿಲ್ಲ. ನನ್ನ ಪಕ್ಕದಲ್ಲಿದ್ದ ಅಕ್ಕ ಅಳುತ್ತಿದ್ದಳು. ಯಾಕೆಂದು ನಾನು ಕೇಳಲಿಲ್ಲ, ನನ್ನ ಗಂಟಲೂ ಕಟ್ಟಿತ್ತು.

ಅಕ್ಕ ಅಲ್ಲಿ ಕೂತಿದ್ದಳಲ್ಲ, ಅದರ ಹಿಂದೆಯೂ ಒಂದು ಕತೆಯಿದೆ. ಶುರುವಿನ ವರ್ಷಗಳಲ್ಲಿ ಹೆಂಗಸರಿಗೆ ಈ ರಾತ್ರಿ ಎಂದರೆ ಅಡುಗೆಮನೆ. ಸಂಜೆಗೆ ಅವಲಕ್ಕಿ, ರಾತ್ರಿಗೆ ಅಪ್ಪೆಹುಳಿ, ಅನ್ನ, ಕೇಸರಿಬಾತು, ನಡುರಾತ್ರಿ ಕಷಾಯ, ಬೆಳಗ್ಗೆ ದೋಸೆ. ಹಾಡು ಅವರ ಕಿವಿಗೆ ಬಿದ್ದದ್ದು ರುಬ್ಬುವ ಸದ್ದಿನ ನಡುವೆ. ಒಂದು ವರ್ಷ ಅಕ್ಕ ಸ್ಪಷ್ಟವಾಗಿ ಹೇಳಿದಳು: "ಊಟ ಆದ ಮೇಲೆ ಒಲೆ ನಿಮ್ಮದು. ದೋಸೆಯೂ ನೀವೇ ಹೊಯ್ಯಿ. ನಾವು ಕೇಳ್ತ್ಯ." ಅಂದಿನಿಂದ ರಾತ್ರಿಯ ಒಲೆ ಗಂಡಸರ ಸರದಿ. ನನಗೆ ಬೆಂಗಳೂರು ನಾಗರತ್ನಮ್ಮ ನೆನಪಾದರು. ನಂಜನಗೂಡಿನಲ್ಲಿ 1878ರಲ್ಲಿ ಹುಟ್ಟಿದ ಆಕೆ 1920ರ ದಶಕದಲ್ಲಿ ತನ್ನ ಗಳಿಕೆಯನ್ನೆಲ್ಲ ಸುರಿದು ತಿರುವಯ್ಯಾರಿನ ಕಾವೇರಿ ದಂಡೆಯಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದರು. ಆಗ ಅಲ್ಲಿಯ ಆರಾಧನೆಯಲ್ಲಿ ಹೆಂಗಸರು ಹಾಡುವಂತಿರಲಿಲ್ಲ. ಗುಡಿ ಕಟ್ಟಿಸಿದವರಿಗೇ ಇಲ್ಲ! ನಾಗರತ್ನಮ್ಮ ಸುಮ್ಮನಾಗಲಿಲ್ಲ. ಹೆಂಗಸರನ್ನು ಕೂಡಿಸಿಕೊಂಡು ಬೇರೆಯೇ ಆರಾಧನೆ ನಡೆಸಿದರು, ಬಣಗಳೆಲ್ಲ ಒಂದಾಗುವವರೆಗೂ ಬಿಡಲಿಲ್ಲ. ಇವತ್ತು ಪುಷ್ಯ ಬಹುಳ ಪಂಚಮಿಯಂದು ಅಲ್ಲಿ ಗಂಡಸರು ಹೆಂಗಸರು ಎದುರುಬದುರು ಕೂತು ಒಟ್ಟಿಗೆ ಹಾಡುತ್ತಾರೆ. ಆ ದೊಡ್ಡ ಹೋರಾಟದ ಪಕ್ಕದಲ್ಲಿ ದೋಸೆಯ ಸರದಿಯನ್ನು ಇಡುವುದಕ್ಕೆ ನನಗೆ ಸಂಕೋಚವಿಲ್ಲ. ಕೇಳಲು ಕೂರುವ ಜಾಗವನ್ನೂ ಹೆಂಗಸರು ಕೇಳಿಯೇ ಪಡೆಯಬೇಕಾಯಿತು.

ತೋಡಿ ಮುಗಿದು, ಭೈರವಿಯೊಂದಿಗೆ ಹಾಡು ನಿಂತ ಮೇಲೆ, ಅಟ್ಟದ ಮೇಲೆಯೇ ಬಾಳೆಲೆ ಹಾಕಿ ದೋಸೆ. ಜೋನಿಬೆಲ್ಲ, ತುಪ್ಪ. ಲೆಕ್ಕದ ಪುಸ್ತಕ ಹೊರಗೆ ಬರುವುದು ಆಗ. ಮನೆಗೆ ಇಷ್ಟು ಎಂದು ಹಾಕಿದ ದುಡ್ಡು, ಕಲಾವಿದರಿಗೆ ಕೊಟ್ಟದ್ದು, ಹೋಗಿಬರುವ ಖರ್ಚು, ಎಲ್ಲವನ್ನೂ ಭಾವ ಎಲ್ಲರೆದುರು ಓದುತ್ತಾನೆ. ಹೋದ ವರ್ಷ ಒಬ್ಬರು ಇದನ್ನು ತಾಲ್ಲೂಕಿನ ಮೈದಾನಕ್ಕೆ ಒಯ್ಯೋಣ, ಪ್ರಾಯೋಜಕರನ್ನು ಹುಡುಕೋಣ ಎಂದರು. ಅವರ ಕಾಳಜಿಯೂ ನಿಜವಾದದ್ದೇ. ಊರಿನ ಹುಡುಗರು ಬೆಂಗಳೂರು ಸೇರಿದ್ದಾರೆ, ಚಪ್ಪರ ಹಾಕುವ ಕೈಗಳು ಕಡಿಮೆಯಾಗುತ್ತಿವೆ, ಭಾವನಿಗೂ ವಯಸ್ಸಾಯಿತು. ಅಜ್ಜ ಮಾತ್ರ ಒಪ್ಪಲಿಲ್ಲ. "ಅಂಗಳ ಹಿಡಿವಷ್ಟು ಜನ ಬಂದ್ರೆ ಸಾಕು ಮಾರಾಯ. ಅದ್ಕಿಂತ ಜಾಸ್ತಿ ಆದ್ರೆ ಹಾಡವ್ರ ಮಖ ಕಾಣ್ತಿಲ್ಲೆ." ಬೆಂಗಳೂರಿನಿಂದ ಬಂದಿದ್ದ ಹುಡುಗರೇ ಆಗ ಮುಂದೆ ಬಂದು, ಚಪ್ಪರದ ಕೆಲಸಕ್ಕೆ ಎರಡು ದಿನ ಮುಂಚೆ ಬರುತ್ತೇವೆ ಎಂದರು. ಹೆಸರು ಬರೆದುಕೊಂಡದ್ದೂ ಆಯಿತು.

ಅಜ್ಜನಿಗೆ ಒಂದು ಕೊರತೆ ಉಳಿದಿತ್ತು. ಇಷ್ಟು ವರ್ಷವಾದರೂ ಈ ಅಂಗಳದಲ್ಲಿ ಯಾರೂ ಮಾರ್ವಾ ಹಾಡಿಲ್ಲ. ಅದು ಹೊತ್ತು ಮುಳುಗುವಾಗಿನ ರಾಗ, ನಮ್ಮ ಕಾರ್ಯಕ್ರಮ ಶುರುವಾಗುವುದು ಏಳು ಗಂಟೆಗೆ. ಮುಂಚೆ ಶುರುಮಾಡೋಣವೆಂದರೆ ಅದು ಎಲ್ಲ ಮನೆಗಳಲ್ಲೂ ಹಾಲು ಕರೆಯುವ ಸಮಯ. ದೋಸೆ ತಣ್ಣಗಾಗುವವರೆಗೂ ಇದರ ಚರ್ಚೆ ನಡೆಯಿತು. ಎಮ್ಮೆ ಹೊತ್ತು ತಪ್ಪಿದರೆ ಹಾಲು ಏರಿಸಿಕೊಳ್ಳುತ್ತದೆ, ನಾಲ್ಕೈದು ದಿನ ಮೊದಲಿನಿಂದ ದಿನಾ ಸ್ವಲ್ಪ ಸ್ವಲ್ಪ ಮುಂಚೆ ಕರೆದು ರೂಢಿ ಮಾಡಿಸಿದರೆ ಆಗಬಹುದು ಎಂದು ಅಕ್ಕ ಹೇಳಿದಳು. ಹಾಗೇ ಮಾಡುವುದೆಂದು ಆಯಿತು. ಬರುವ ವರ್ಷ ಆರು ಗಂಟೆಗೆ ಶುರು. ಭಾವ ಪುಸ್ತಕದ ಕೊನೆಯ ಪುಟದಲ್ಲಿ "ಮಾರ್ವಾ" ಎಂದು ಬರೆದು, ಅದರ ಮುಂದೆ ಹಾಡುವವರ ಹೆಸರಿ‌ಗೆ ಜಾಗ ಖಾಲಿ ಬಿಟ್ಟಿದ್ದಾನೆ.